ಹೆಜ್ಜೆಗಾರಿಗೆ ತಿಂದವನ ಸಾಕ್ಷಿ

ಭಾಲ್ಕಿಯ ನಮ್ಮ ಮನೆಯ ಅಂಗಳದಲ್ಲಿ ನನ್ನ ಮಗ ತೂರಾಡುತ್ತ ನಡೆದು ಬರುವುದು ನನಗೆ ಈಗಲೂ ಕಾಣಿಸುತ್ತದೆ. ಮೈಮೇಲೆ ಒಂದು ಗಿಡ್ಡ ಅಂಗಿ. ಎರಡೂ ಕೈ ಮೇಲೆತ್ತಿದ್ದಾನೆ. ಹೊಸ್ತಿಲು ದಾಟಿ, ನೀರಿನ ಹೌದಿನ ಹತ್ತಿರ ಒಮ್ಮೆ ವಾಲಿ, ಸಾವರಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟು ದಪ್ಪನೆ ಕೂರುತ್ತಾನೆ. ಕೂತು ನಗುತ್ತಾನೆ. ಕಲ್ಲುಹಾಸಿನ ಮೇಲೆ ಬಿದ್ದ ಬಿಸಿಲು ಕೂಡ ಆ ಚಿತ್ರದಲ್ಲಿದೆ. ಅವನು ಹಾಗೆ ನಡೆದದ್ದನ್ನು ನಾನು ನೋಡಿಲ್ಲ. ಯಾರೂ ನೋಡಿಲ್ಲ. ಆ ವಯಸ್ಸಿನಲ್ಲಿ ಅವನು ನಡೆದೇ ಇರಲಿಲ್ಲ.

ಈ ಚಿತ್ರ ನನ್ನ ತಲೆಯೊಳಗೆ ಹೇಗೆ ಬಂತು ಎಂಬುದನ್ನು ಬರೆದಿಡಬೇಕೆಂದು ಬಹಳ ಸಲ ಕೂತಿದ್ದೇನೆ. ಪ್ರತಿ ಸಲವೂ ಒಂದೇ ತೊಡಕು. ದಿನಚರಿ ಬರೆಯುವ ಚಟ ನನಗೆ ಹೈದರಾಬಾದಿನಲ್ಲಿ ಬಿ.ಎ. ಓದುವಾಗಿನಿಂದ ಇದೆ. ಆದರೆ ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಮಾಡಿ ಬರೆಯುವುದನ್ನು ಯಾವ ಕಾಲೇಜೂ ನನಗೆ ಕಲಿಸಲಿಲ್ಲ. ಆದ್ದರಿಂದ ಇಲ್ಲಿ ನನಗೆ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳುತ್ತೇನೆ.

ಓದು ಮುಗಿಸಿ ನಾನು ಭಾಲ್ಕಿಯಲ್ಲಿ ಶಾಲಾ ಮಾಸ್ತರನಾಗಿದ್ದೆ. ಅಣ್ಣನದು ತೊಗರಿ, ಜೋಳದ ಅಡತಿ ಅಂಗಡಿ. ಅವ್ವ, ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು, ನಾನು, ನನ್ನ ಹೆಂಡತಿ, ಎಲ್ಲರೂ ಒಂದೇ ಮನೆಯಲ್ಲಿ. ನಿಜಾಮರ ರಾಜ್ಯದ ಕೊನೆಯ ವರ್ಷ ಅದು. ಊರಲ್ಲಿ ತಿರಂಗಾ ಬಾವುಟ ಏರಿಸಿದ ಗಲಾಟೆಯಾದ ಮೇಲೆ ಓದಿದ ಹುಡುಗರ ಮೇಲೆ ನಿಜಾಮರ ಪೊಲೀಸರ ಕಣ್ಣು ಬಿತ್ತು. ಇಬ್ಬರು ಮಾಸ್ತರರನ್ನು ಒಯ್ದರು. ಅಣ್ಣನೇ ನನ್ನನ್ನು ಗಡಿ ದಾಟಿಸಿ, ಸೊಲ್ಲಾಪುರದ ಕಡೆಯ ಒಂದು ಶಿಬಿರಕ್ಕೆ ಮುಟ್ಟಿಸಿ ಬಂದ. ಅಲ್ಲಿ ನಾನು ಬಂದೂಕು ಹಿಡಿಯಲಿಲ್ಲ, ಓಡಿಬಂದವರಿಗೆ ಅಕ್ಕಿ ಅಳೆದು ಕೊಡುತ್ತಿದ್ದೆ.

ಮನೆ ಬಿಡುವಾಗ ಮಗನಿಗೆ ನಾಲ್ಕು ತಿಂಗಳು. ಎತ್ತಿಕೊಂಡರೆ ಕುತ್ತಿಗೆ ಇನ್ನೂ ಒಂದು ಕಡೆ ಜೋಲುತ್ತಿತ್ತು. ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಎಲ್ಲ ತಿಳಿದ ಮೇಲೆ ಸೇರಿಸಿಕೊಂಡೆನೋ ಹೇಳಲಾರೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಕೂಸು ಮೊದಲ ಹೆಜ್ಜೆ ಇಟ್ಟ ವಾರದಲ್ಲಿ ಬೆಲ್ಲದ ಗಾರಿಗೆಯನ್ನು ಅದರ ಪಾದದಷ್ಟೇ ಉದ್ದಕ್ಕೆ ತಟ್ಟಿ, ಕರಿದು, ಓಣಿಗೆಲ್ಲ ಹಂಚುತ್ತಾರೆ. ಹೆಜ್ಜೆಗಾರಿಗೆ ಎನ್ನುತ್ತಾರೆ. ಅದನ್ನು ತಿಂದ ಮನೆಯವರೆಲ್ಲ ಕೂಸು ನಡೆದದ್ದಕ್ಕೆ ಸಾಕ್ಷಿ ಇದ್ದಂತೆ. ಆಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಮಗನಿಗೆ ವರ್ಷ ತುಂಬುವ ಹೊತ್ತಿಗೆ ಅಣ್ಣ ಶಿಬಿರಕ್ಕೆ ಬಂದ. ಸರಕಿನ ನೆಪದಲ್ಲಿ ಅವನು ಆಗಾಗ ಗಡಿ ದಾಟುತ್ತಿದ್ದ. ಹೆಗಲ ಮೇಲಿನ ಗಂಟನ್ನು ನನ್ನ ಮುಂದೆ ಇಟ್ಟ.

"ಹಿಡಿ ತಮ್ಮಾ, ನಿನ್ನ ಮಗನ ಹೆಜ್ಜಿಗಾರಿಗಿ."

"ಖರೇ ಏನಣ್ಣಾ?"

"ಖರೇ ಏನಂತ ಕೇಳ್ತಾನ ನೋಡು! ನಾ ಏನ್ ಜೀವಾ ಕೈಯಾಗ ಹಿಡಕೊಂಡು ಗಡಿ ದಾಟಿ ಚಾಷ್ಟಿ ಮಾಡ್ಲಾಕ ಬಂದೀನಾ? ಹೊಸ್ತಿಲಾ ಹಿಡದು ನಿಂತಾನ. ಕೈ ಬಿಟ್ಟಾನ. ಕುಡದವರ ಗತೆ ವಾಲ್ಯಾಡಕೋತ ಅಂಗಳಕ್ಕ ಬಂದಾನ."

"ಎಷ್ಟ ಹೆಜ್ಜಿ ಇಟ್ಟ?"

"ನಾಕು ಅಂತ ಹಿಡಿ. ಹೌದಿನ ಬಾಜೂಕ ದಪ್ಪನ ಕುಂತು ತಾನೇ ನಕ್ಕಾನ. ನಿನ್ನಂಗಲ್ಲ ಬಿಡು. ನೀ ಎರಡ ವರ್ಷ ಆಗೂತನಾ ಅವ್ವನ ಸೊಂಟಾ ಬಿಟ್ಟಿದ್ದಿಲ್ಲ."

ಸುತ್ತ ಇದ್ದವರು ನಕ್ಕರು. ಆಗ ಅಣ್ಣ ಎದ್ದು ಧೋತರದ ಕಚ್ಚೆ ಮೇಲೆ ಸಿಕ್ಕಿಸಿಕೊಂಡು, ಎರಡೂ ಕೈ ಎತ್ತಿ, ಆ ದಪ್ಪ ಮೈಯನ್ನು ವಾಲಾಡಿಸುತ್ತ ನಾಲ್ಕು ಹೆಜ್ಜೆ ಇಟ್ಟು, ಅಕ್ಕಿ ಚೀಲದ ಮೇಲೆ ಬಿದ್ದು ತೋರಿಸಿದ. ಶಿಬಿರದಲ್ಲಿ ಅಷ್ಟು ನಗು ನಾನು ಮತ್ತೆ ಕೇಳಲಿಲ್ಲ. ನಾನು ಗಾರಿಗೆಗಳನ್ನು ಎಲ್ಲರಿಗೂ ಹಂಚಿದೆ. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಪಾದದ ಅಳತೆ ನೋಡಿದೆ. ಆಮೇಲೆ ತಿಂದೆ.

ನನ್ನ ತಲೆಯೊಳಗೆ ನಡೆಯುವ ಕೂಸು ಅಣ್ಣ ಅಂದು ಆಡಿದ ನಾಟಕವೇ. ಮುಖ ಮಾತ್ರ ಮಗನದು.

ಭಾರತದ ಸೈನ್ಯ ನಿಜಾಮರ ರಾಜ್ಯವನ್ನು ಹಿಡಿದ ಪೊಲೀಸ್ ಆ್ಯಕ್ಷನ್ ಮುಗಿದು ಕೆಲವು ವಾರಗಳಾದ ಮೇಲೆ ನಾನು ಭಾಲ್ಕಿಗೆ ಮರಳಿದೆ. ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಮುಸಲ್ಮಾನರ ಓಣಿಯ ಬಾಗಿಲುಗಳೆಲ್ಲ ಹಾಕಿದ್ದವು. ಕೆಲವು ಮನೆಗಳಿಗೆ ಬಾಗಿಲೇ ಉಳಿದಿರಲಿಲ್ಲ. ನಮ್ಮ ಮನೆಯ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಮುದುಕಿಯ ಮನೆ ಅದೇ ಓಣಿಯಲ್ಲಿತ್ತು. ಆಕೆ ಎಲ್ಲಿ ಎಂದು ಅವ್ವನನ್ನು ಕೇಳಿದರೆ "ಹೋದಳು" ಎಂದಳು. ಎಲ್ಲಿಗೆ ಎಂದು ನಾನೂ ಕೇಳಲಿಲ್ಲ. ಆ ದಿನಗಳಲ್ಲಿ ಊರಲ್ಲಿ ಎರಡನೆಯ ಪ್ರಶ್ನೆ ಕೇಳುವ ರೂಢಿ ಇರಲಿಲ್ಲ.

ಮಗ ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು, ಒಳಗೆ ಹೋಗಲು ಬಿಡಲಿಲ್ಲ, ಮೊದಲು ಕೈಕಾಲು ತೊಳಕೋ ಎಂದಳು. ಒಳಕೋಣೆಯಲ್ಲಿ ಎರಡು ಜೋಳದ ಚೀಲಗಳ ನಡುವೆ ಕೌದಿ ಸುತ್ತಿ ಅವನನ್ನು ಕೂಡಿಸಿದ್ದರು. ಒಂದೂವರೆ ವರ್ಷದ ಕೂಸು. ನನ್ನನ್ನು ನೋಡಿ ನಕ್ಕ. ನಗುವಾಗ ತಲೆ ಹಿಂದಕ್ಕೆ ಹೋಗಿ ಚೀಲಕ್ಕೆ ಬಡಿಯಿತು. ಕಂಕುಳಲ್ಲಿ ಕೈ ಹಾಕಿ ಎತ್ತಿ ನಿಲ್ಲಿಸಲು ನೋಡಿದೆ. ಕಾಲು ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡವು.

"ಜ್ವರಾ ಬಂತು, ಯಪ್ಪಾ," ಅವ್ವ ಅಳತೊಡಗಿದಳು. "ನಡಿಯೋ ಕೂಸು. ಸುಟ್ಟ ಜ್ವರಾ. ಇಳಿಯೂದ್ರಾಗ ಕಾಲಿನ ಕಸುವೆಲ್ಲಾ ತಗೊಂಡು ಹೋಯ್ತು."

ಹೆಂಡತಿ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ದುಃಖ ಎಂದುಕೊಂಡೆ. ನಾನೂ ಅತ್ತೆ. ಕಳೆದುಹೋದ ಆ ನಾಲ್ಕು ಹೆಜ್ಜೆಗಳಿಗಾಗಿ ಅತ್ತೆ.

ಬೀದರಿನ ಒಂದು ದವಾಖಾನೆಯಲ್ಲಿ ಮಕ್ಕಳನ್ನು ನೋಡುವ ಡಾಕ್ಟರಮ್ಮ ಇದ್ದಾರೆ ಎಂದು ಗೊತ್ತಾಯಿತು. ಒಯ್ಯುತ್ತೇನೆ ಎಂದಾಗ ಅವ್ವ ಮೊದಲು ಬೇಡ ಎಂದಳು. ಓಣಿಯವರು ನೋಡುತ್ತಾರೆ, ಮಂದಿಯ ಕಣ್ಣು ಬೀಳುತ್ತದೆ. ಕೊನೆಗೆ ಅಣ್ಣ "ನಾನೂ ಬರ್ತೇನಿ" ಎಂದು ಹೊರಟ. ಬೆಳಗಿನ ಗಾಡಿಗೆ ಮಗನನ್ನು ಶಾಲಿನಲ್ಲಿ ಪೂರ್ತಿ ಮುಚ್ಚಿಕೊಂಡು, ಹೆಂಡತಿಯೂ ಸೇರಿ ನಾಲ್ವರೂ ಹತ್ತಿದೆವು. ಹಲಬರ್ಗಾ ಸ್ಟೇಷನ್ನಿನಲ್ಲಿ ಅಣ್ಣ ಇಳಿದು ಅವನಿಗಾಗಿ ಬಾಳೆಹಣ್ಣು ತಂದ, ತಾನೇ ಹಿಸುಕಿ ತಿನ್ನಿಸಿದ. ಅವನಿಗೆ ನನ್ನ ಮಗನ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಇಂದಿಗೂ ಹೇಳಲಾರೆ. ಹೇಳಲು ಬಂದಿದ್ದರೆ ಹಗುರಾಗುತ್ತಿತ್ತು.

ಡಾಕ್ಟರಮ್ಮ ಮೈಸೂರು ಕಡೆಯವರು. ಕೂಸಿನ ಕೈಕಾಲು ಎತ್ತಿ, ಬಿಟ್ಟು, ಮೊಣಕಾಲು ತಟ್ಟಿ ಬಹಳ ಹೊತ್ತು ನೋಡಿದರು.

"ಇವನು ಮೊದಲಿನಿಂದಲೇ ನಿಂತಿಲ್ಲವೋ, ನಿಂತು ನಡೆದು ಆಮೇಲೆ ಬಿಟ್ಟನೋ? ಅದು ನನಗೆ ಸರಿಯಾಗಿ ಗೊತ್ತಾಗಬೇಕು. ಎರಡಕ್ಕೂ ಔಷಧಿ ಬೇರೆ."

"ನಡದಾನ್ರೀ," ಎಂದ ಅಣ್ಣ. "ಜ್ವರಾ ಬಂದ ಮ್ಯಾಲ ಹಿಂಗಾಗ್ಯಾದ."

ಅವರು ನನ್ನ ಕಡೆ ತಿರುಗಿದರು. "ನೀವು ಓದಿದವರು. ಖಂಡಿತವಾಗಿ ನಡೆದಿದ್ದನೇ?"

"ಖಂಡಿತ," ಎಂದೆ. ಊರೆಲ್ಲ ಹೆಜ್ಜೆಗಾರಿಗೆ ತಿಂದ ಸಂಗತಿಯನ್ನೂ ಹೇಳಿದೆ. ಅವರಿಗೆ ಆ ಪದ್ಧತಿ ಗೊತ್ತಿರಲಿಲ್ಲ, ವಿವರಿಸಿದೆ. ಅಂಗಳದಲ್ಲಿ ಹೇಗೆ ನಡೆದ ಎಂಬುದನ್ನೂ ಹೇಳಿದೆ, ಹೌದಿನ ಹತ್ತಿರ ವಾಲಿದ್ದನ್ನೂ. ಹೇಳುವಾಗ ನನಗೆ ಅದು ಕಣ್ಣಿಗೆ ಕಟ್ಟಿತ್ತು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಜ್ವರದಲ್ಲಿ ಕಾಲು ಸೋತ ಮಕ್ಕಳಿಗೆ ಆಗ ಮಾಡುತ್ತಿದ್ದುದನ್ನೇ ಅವರು ಮಾಡಿದರು. ಎರಡೂ ಕಾಲಿಗೆ ಕಟ್ಟಿಗೆಯ ಪಟ್ಟಿ ಇಟ್ಟು ಬಟ್ಟೆಯಿಂದ ಬಿಗಿದರು. ಕಾಲು ಸೊಟ್ಟಾಗದಂತೆ ಹೀಗೇ ನೇರ ಇರಲಿ, ಎಳೆಯಬೇಡಿ, ನಿಲ್ಲಿಸಬೇಡಿ, ತಿಕ್ಕಬೇಡಿ, ವಿಶ್ರಾಂತಿ ಬೇಕು ಎಂದರು. ಅವರಿಗೆ ಹೇಳಿದ ಮಾತು ನಿಜವಾಗಿದ್ದರೆ ಅವರು ಮಾಡಿದ್ದು ಸರಿ.

ದೀಪಾವಳಿಯಿಂದ ಬೇಸಗೆಯವರೆಗೆ ನನ್ನ ಮಗ ಆ ಪಟ್ಟಿಗಳಲ್ಲಿ ಮಲಗಿದ. ನಡುವೆ ಎರಡು ಸಲ ಬೀದರಿಗೆ ಒಯ್ದು ತೋರಿಸಿ ತಂದೆವು. ಸ್ವಲ್ಪವಾದರೂ ಹೊರಳಲು ಕಲಿಯುತ್ತಿದ್ದವನು ಹೊರಳುವುದನ್ನು ಬಿಟ್ಟ. ಬಿಗಿದ ಬಟ್ಟೆಯ ಕೆಳಗೆ ಚರ್ಮ ಕೆಂಪಾಗಿ ಸುಲಿಯಿತು. ಅವನು ಅತ್ತಾಗ ಹೆಂಡತಿ ಬಟ್ಟೆ ಸಡಿಲಿಸಲು ಹೋಗುತ್ತಿದ್ದಳು, ನಾನು ತಡೆಯುತ್ತಿದ್ದೆ. ಡಾಕ್ಟರು ಹೇಳಿದ್ದಾರೆ ಎನ್ನುತ್ತಿದ್ದೆ. ಆಗ ಅವಳು ನನ್ನನ್ನು ನೋಡುತ್ತಿದ್ದ ರೀತಿಯನ್ನು ಬರೆಯಲು ಹೋಗುವುದಿಲ್ಲ. ಅದಕ್ಕೆ ಅರ್ಥ ಕೊಟ್ಟುಕೊಂಡದ್ದು ಆಮೇಲೆ.

ಬೇಸಗೆಯಲ್ಲಿ ಅಣ್ಣನ ಮಗಳ ಮದುವೆ. ವರನ ಕಡೆಯವರು ಔರಾದದವರು, ದೊಡ್ಡ ಒಕ್ಕಲು ಮನೆತನ. ನನ್ನ ಹೆಂಡತಿಯ ತವರೂ ಔರಾದವೇ. ಮದುವೆಯೂ ಅಲ್ಲೇ. ಎರಡು ಬಂಡಿಗಳಲ್ಲಿ ಹೋದೆವು. ಮಗನನ್ನು ಮಂಟಪಕ್ಕೆ ಒಯ್ಯಬಾರದೆಂದು ಅವ್ವ ಅಪ್ಪಣೆ ಮಾಡಿದಳು. ಅವನನ್ನು ಹೆಂಡತಿಯ ತವರಿನ ಒಳಮನೆಯಲ್ಲಿ ಮಲಗಿಸಿದೆವು.

ವಧೂವರರ ಮೇಲೆ ಅಕ್ಕಿಕಾಳು ಬಿದ್ದವು. ಬಾಜಾ ಜೋರಾಯಿತು. ನೋಡಿದರೆ ಹೆಂಡತಿ ಇಲ್ಲ. ಹುಡುಕಿಕೊಂಡು ಅವಳ ತವರಿಗೆ ಹೋದೆ. ಒಳಮನೆಯಲ್ಲಿ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಮಗನ ಕಾಲಿನ ಬಟ್ಟೆ ಬಿಚ್ಚುತ್ತಿದ್ದಳು. ಒಂದು ಪಟ್ಟಿ ಆಗಲೇ ಗೋಡೆಯ ಬದಿಗೆ ಬಿದ್ದಿತ್ತು.

"ಏನ್ ಮಾಡ್ಲಾಕತ್ತಿ ನೀ?"

"ಬಿಚ್ಲಾಕತ್ತೀನ್ರಿ."

"ಬಿಚ್ಚಬ್ಯಾಡ ಅಂದಾರಲ್ಲ ಡಾಕ್ಟರಮ್ಮ."

"ಆಕಿಗೇನು ಗೊತ್ತರಿ? ನಿಮಗೇನು ಗೊತ್ತು?" ಕೈ ನಿಲ್ಲಿಸಲಿಲ್ಲ. "ಅಂವಾ ಎಂದೂ ನಡದಿಲ್ಲ. ಹೊಸ್ತಿಲಾ ಹಿಡದಿಲ್ಲ, ನಿಂತಿಲ್ಲ. ಸುಟ್ಟ ಜ್ವರಾನೂ ಬಂದಿಲ್ಲ. ಏನೂ ಆಗಿಲ್ಲ."

ನಾನು ಬಾಗಿಲಲ್ಲೇ ಕೂತುಬಿಟ್ಟೆ ಎಂದು ನೆನಪು. ಅವಳು ಹೇಳುವ ಪ್ರಕಾರ ನಿಂತೇ ಇದ್ದೆ.

"ಮತ್ತ ಗಾರಿಗಿ?"

"ಇದೇ ಬೀಗರು ಹೆಣ್ಣು ನೋಡ್ಲಾಕ ಬಂದಿದ್ದರು. ವರನ ಅವ್ವನೋರು ಮೊದಲೇ ಕೇಳಿದ್ದರು, ನಿಮ್ಮ ಮನ್ಯಾಗ ಒಂದು ಕೂಸು ಕುಂದರಂಗಿಲ್ಲಂತಲ್ಲ, ವಂಶದಾಗ ಹಂಗ ಅದ ಏನು ಅಂತ. ನಿಮ್ಮವ್ವನೋರು ಮುಂಜಾನಿ ಬಾಣಲಿ ಇಟ್ಟರು. ಕೂಸು ಮಲಗ್ಯಾನ ಅಂತ ಬೀಗರಿಗಿ ಹೇಳಿ, ನಮ್ಮಿಬ್ಬರನ್ನ ಒಳಗ ಕೂಡಿಸಿ ಚಿಲಕಾ ಹಾಕಿದ್ರು. ಬೀಗರೂ ತಿಂದ್ರು, ಓಣ್ಯಾಗಿನವರೂ ತಿಂದ್ರು. ಉಳದದ್ದು ನಿಮಗ ತಂದ್ರು."

ಉಳಿದದ್ದು. ಶಿಬಿರದಲ್ಲಿ ಅಂಗೈ ಮೇಲಿಟ್ಟು ಅಳತೆ ನೋಡಿದ್ದು ಬೀಗರು ತಿಂದು ಉಳಿದದ್ದು.

"ಮಿಲಿಟ್ರಿಯವರ ಸಂಗಾಟ ಒಬ್ಬ ಡಾಕ್ಟರ್ ಬಂದಿದ್ದ," ಅವಳು ಎರಡನೆಯ ಕಾಲಿನ ಗಂಟು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. "ನಿಮ್ಮ ಸಾಲ್ಯಾಗೇ ಕುಂತು ಊರ ಕೂಸುಗಳನ್ನೆಲ್ಲಾ ನೋಡಿದ. ನಾ ಇವನ್ನ ಎತಗೊಂಡು ಬಾಗಲತನಾ ಹೋಗಿದ್ದೆ. ನಡಿಯೋ ಕೂಸನ್ನ ಯಾಕ ಹೊತಗೊಂಡು ಹೊಂಟಿ ಅಂತ ಮಂದಿ ಕೇಳಿದ್ರ ಏನು ಹೇಳ್ತಿ ಅಂತ ನಿಮ್ಮವ್ವನೋರು ತಿರುಗಿಸಿದ್ರು."

"ನನಗರೆ ಹೇಳಬಾರದಾಗಿತ್ತೇನು?"

ಅವಳು ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿ ತೋರಿಸಿದಳು. "ಇದರ ಮ್ಯಾಲ ಕೈ ಇಡಿಸಿದ್ರು. ಹುಡುಗಿಗಿ ಅಕ್ಕಿಕಾಳು ಬೀಳೂತನಾ ಬಾಯಿ ಬಿಡಂಗಿಲ್ಲ ಅಂತ. ಈಗ ಬಿದ್ದವು. ನಿಮಗ ಹೇಳಬಾರದಂತನೇ ಆಣಿ ಮಾಡಿಸಿದ್ದು. ಉಳದವರಿಗೆಲ್ಲಾ ಗೊತ್ತಿತ್ತಲ್ಲ."

ಆ ಕೊನೆಯ ಮಾತನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಅವ್ವನಿಗೆ, ಅಣ್ಣನಿಗೆ, ಅತ್ತಿಗೆಗೆ, ಮದುಮಗಳಾಗಿ ಕೂತಿದ್ದ ಆ ಹುಡುಗಿಗೆ ಕೂಡ ಗೊತ್ತಿತ್ತು. ಆರು ತಿಂಗಳು ನಾನು ಅವರೊಡನೆ ಕೂತು ಉಂಡಿದ್ದೆ, ಮಗನ ನಾಲ್ಕು ಹೆಜ್ಜೆಯ ಸುದ್ದಿಯನ್ನು ಎಷ್ಟೋ ಸಲ ಎತ್ತಿದ್ದೆ. ಅವರು ತಲೆಯಾಡಿಸಿದ್ದರು.

ಅಣ್ಣ ಪಂಕ್ತಿಯಲ್ಲಿ ಬೀಗರಿಗೆ ತುಪ್ಪ ಬಡಿಸುತ್ತಿದ್ದ. ತೋಳು ಹಿಡಿದು ಚಪ್ಪರದ ಹಿಂದಕ್ಕೆ ಎಳೆದುಕೊಂಡು ಹೋದೆ. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಮೆತ್ತಗ ಮಾತಾಡು. ಬೀಗರು ಉಣ್ಲಾಕತ್ಯಾರ."

"ಯಾಕಣ್ಣಾ?"

"ಯಾಕಂದ್ರ? ಕೂಸಿಗಿ ಹಿಂಗದ ಅಂದಿದ್ರ ನೀ ಮರುದಿನಾನೇ ಓಡಿ ಬರ್ತಿದ್ದಿ. ಸಿಕ್ಕಿಬಿದ್ದು ಸಾಯ್ತಿದ್ದಿ. ಅವ್ವ ನಿನ್ನ ಜೀವದ ಸಲುವಾಗಿ ಮಾಡ್ಯಾಳ."

"ಅದು ಆಗಿನ ಮಾತಾಯ್ತು. ಬೀದರ ದವಾಖಾನ್ಯಾಗ ನನ್ನ ಬಾಜೂಕೇ ಕುಂತಿದ್ದೆಲ್ಲ ನೀ? ಆಕಿ ಕೇಳಿದಾಗ?"

ಅವನ ಕೈಯಲ್ಲಿ ತುಪ್ಪದ ಪಾತ್ರೆ ಇನ್ನೂ ಇತ್ತು. ಅದನ್ನು ಎಲ್ಲಿಡುವುದೆಂದು ಸುತ್ತ ನೋಡಿದ, ಇಡಲಿಲ್ಲ.

"ನಿನ್ನ ಮಗ ನಡೀಲಿಲ್ಲಂತ ನನ್ನ ಮಗಳು ಮನ್ಯಾಗ ಕುಂದರಬೇಕಿತ್ತಾ? ಹೇಳು. ನೀ ಕಲತಾಂವ ಇದ್ದಿ, ನೀನೇ ಹೇಳು."

ನಾನು ಅವನ ತೋಳು ಬಿಟ್ಟೆ. ಆ ಪ್ರಶ್ನೆಯನ್ನು ಇಂದು ಎತ್ತಿಕೊಂಡರೂ ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ. ಆ ಹುಡುಗಿ ನನ್ನ ಕೈಯಲ್ಲೇ ಅಕ್ಷರ ಕಲಿತವಳು. ಅವಳು ಸುಖವಾಗಿರಲಿ ಎಂದು ಅಂದೂ ಅಂದುಕೊಂಡೆ. ಆದರೆ ಗಡಿ ದಾಟಿ ಬಂದು ನನ್ನೆದುರು ಕೈ ಎತ್ತಿ ವಾಲಾಡಿದವನು ಯಾರು? ನನ್ನನ್ನು ಉಳಿಸಲು ಬಂದವನೋ, ಬೀಗಸ್ತನ ಉಳಿಸಲು ಬಂದವನೋ? ಬರೀ "ಕೂಸು ಅರಾಮದಾನ" ಎಂದಿದ್ದರೆ ಸಾಕಾಗುತ್ತಿತ್ತಲ್ಲ? ಅಷ್ಟು ಚಂದ ಆಡಿ ತೋರಿಸಬೇಕಿತ್ತೇ?

ಅವ್ವನನ್ನು ಕೇಳಿದ್ದು ಭಾಲ್ಕಿಗೆ ಮರಳಿದ ಮೇಲೆ. ಅವಳು ನನ್ನ ಮುಖ ನೋಡದೆ ಬೇಳೆ ಆರಿಸುತ್ತ, "ನೀ ಜೀವಂತ ಇದ್ದೆಲ್ಲ, ಅಷ್ಟ ಸಾಕು" ಎಂದಳು. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ.

ಬೀದರಿಗೆ ಮತ್ತೆ ಹೋದಾಗ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಕೂಸನ್ನು ಬೋರಲು ಮಲಗಿಸಿ ತಲೆ ಎತ್ತುತ್ತಾನೆಯೇ ನೋಡಿದರು. ಎತ್ತಲಿಲ್ಲ.

"ಕಾಲಿನ ಮಾತು ಆಮೇಲೆ," ಎಂದರು. "ಕುತ್ತಿಗೆಯಿಂದ ಶುರು ಮಾಡಬೇಕು. ಎರಡು ವರ್ಷದವನಿಗೆ ಎರಡು ತಿಂಗಳಿನವನ ಕೆಲಸ. ವಾರಕ್ಕೆರಡು ಸಲ ತರುವುದಾದರೆ ಕಲಿಸುತ್ತೇನೆ. ತರುತ್ತೀರಾ?"

ಬೀದರಿನ ಒಂದು ಶಾಲೆಗೆ ವರ್ಗ ಮಾಡಿಸಿಕೊಂಡೆ. ಕೋಟೆಯ ಕಡೆ ಒಂದು ಕೋಣೆ, ಮುಂದೆ ಗೇಣಗಲದ ಕಟ್ಟೆ. ಜೋಳದ ಚೀಲದ ಮೇಲೆ ಮಗನನ್ನು ಬೋರಲು ಹಾಕಿ ಎದುರಿಗೆ ತಟ್ಟೆ ಬಾರಿಸುವುದು, ತಲೆ ಎತ್ತುವವರೆಗೆ ಬಾರಿಸುವುದು. ಬುಟ್ಟಿಯಲ್ಲಿ ಹಳೆಯ ಸೀರೆ ತುರುಕಿ ನಡುವೆ ಕೂಡಿಸುವುದು, ದಿನ ಕಳೆದಂತೆ ಒಂದೊಂದೇ ಸೀರೆ ತೆಗೆಯುವುದು. ಅವನು ಕೂರುವುದನ್ನು ಆ ಬುಟ್ಟಿಯಲ್ಲೇ ಕಲಿತ. ಎಲ್ಲವನ್ನೂ ಮಾಡಿದವಳು ಹೆಂಡತಿ. ನಾನು ಶಾಲೆಗೆ ಹೋಗುತ್ತಿದ್ದೆ. ಬಂದ ಮೇಲೆ ಅವಳು ಇಂದು ಏನಾಯಿತೆಂದು ಹೇಳುತ್ತಿದ್ದಳು. ನಾನು ಕೇಳಿಸಿಕೊಂಡು, ಆಮೇಲೆ ಅದನ್ನು ಕಣ್ಣಾರೆ ನೋಡಿ, ಆಮೇಲೆ ದಿನಚರಿಯಲ್ಲಿ ಬರೆಯುತ್ತಿದ್ದೆ. ನೋಡದೆ ಬರೆಯುತ್ತಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು.

ಈಗ ಅವನು ನಡೆಯುತ್ತಾನೆ, ಎಡಗಾಲು ಸ್ವಲ್ಪ ಎಳೆದು. ಮುಂಚೆಯೇ ಶುರುವಾಗಿದ್ದರೆ ಆ ಎಳೆತ ಉಳಿಯುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಒಮ್ಮೆ ಕೇಳಿದೆ. "ಯಾರಿಗೆ ಗೊತ್ತು" ಎಂದರು. ಪ್ರಾಮಾಣಿಕವಾದ ಮಾತು. ನನಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ.

ಅವನಿಗೆ ನಾಲ್ಕು ತುಂಬಿದ ಮೇಲೆ ಒಂದು ಸಂಜೆ ಶಾಲೆಯಿಂದ ಬಂದೆ. ಹೆಂಡತಿ ಕಟ್ಟೆಯ ಮೇಲೆಯೇ ನಿಂತಿದ್ದಳು. ಕೈಗೆ ಹತ್ತಿದ ಹಿಟ್ಟು ಒಣಗಿತ್ತು, ತೊಳೆದುಕೊಂಡಿರಲಿಲ್ಲ.

"ಎರಡು ಹೆಜ್ಜಿ ಇಟ್ಟಾನ್ರಿ. ಗ್ವಾಡಿ ಬಿಟ್ಟು. ತಾನೇ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಮಗನನ್ನು ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದೆ. ನಾಲ್ಕು ಮೊಳ ದೂರದಲ್ಲಿ ಕೂತು ಕೈ ಚಾಚಿದೆ.

"ಬಾ."

ಅವನು ನಕ್ಕ. ಗೋಡೆ ಹಿಡಿದುಕೊಂಡೇ ಕೆಳಗೆ ಜಾರಿ ಕೂತ. ಮತ್ತೆ ನಿಲ್ಲಿಸಿದೆ. ಮತ್ತೆ ಕೂತ.

"ದಣದಾನ್ರಿ. ಮುಂಜಾನಿಂದ ಆಡ್ಯಾನ. ನಾಳಿ ನೋಡೀರಂತ."

"ಇನ್ನೊಮ್ಮೆ."

ಮೂರನೆಯ ಸಲವೋ ನಾಲ್ಕನೆಯ ಸಲವೋ ನಿಲ್ಲಿಸುವಾಗ ಅವಳು ನನ್ನ ಹಿಂದೆ ಬಂದು ನಿಂತಳು.

"ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನ್ರಿ ನಿಮಗ?"

ಇದೆ ಎನ್ನಬೇಕಿತ್ತು. ನಾಲ್ಕು ವರ್ಷ ಆ ಕೂಸನ್ನು ಹೊತ್ತವಳು ಅವಳು. ಆಣೆ ಮುಗಿದ ಗಳಿಗೆಯಲ್ಲೇ ಬಾಯಿ ಬಿಟ್ಟವಳೂ ಅವಳೇ. ಆದರೆ ಆಣೆ ಮುಗಿಯುವವರೆಗೂ ಬಾಯಿ ಬಿಡದವಳೂ ಅವಳೇ. ನಾನು ತಿರುಗಿ ನೋಡದೆ ಮಗನ ಕಂಕುಳಿಗೆ ಕೈ ಹಾಕಿ ಇನ್ನೊಮ್ಮೆ ಗೋಡೆಗೆ ಆನಿಸಿದೆ.

ಅವಳು ಕೊಡ ತೆಗೆದುಕೊಂಡು ಹೊರಗೆ ಹೋದಳು. ಮಗ ಅವಳು ಹೋದ ಬಾಗಿಲನ್ನೇ ನೋಡುತ್ತ, ತುಟಿ ಸೊಟ್ಟ ಮಾಡತೊಡಗಿದ. ನಾನು ಕೈ ಚಾಚಿಕೊಂಡು ಕೂತೇ ಇದ್ದೆ.